ರಾಜ್ಯ ನಂಬರ್ ಒನ್, ಆದ್ರೆ ನಮ್ಮ ತಾಲ್ಲೂಕು?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೇಳ್ತಾ ಇದ್ದೀರೋ, ಹಾಸ್ಟೆಲ್ ರೂಮಲ್ಲಿ ಕೂತು ಓದ್ತಾ ಇದ್ದೀರೋ ಗೊತ್ತಿಲ್ಲ. ಎಲ್ಲಿದ್ರೂ ಸರಿ, ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ.

2025ರ ಜುಲೈನಲ್ಲಿ ಸಂಸತ್ತಿನಲ್ಲಿ ಕೇಂದ್ರ ಸರ್ಕಾರ ಒಂದು ಅಂಕಿ ಕೊಟ್ಟಿತು. 2024-25ರಲ್ಲಿ ಕರ್ನಾಟಕದ ತಲಾ ಆದಾಯ 2,04,605 ರೂಪಾಯಿ. ಅದೂ 2011-12ರ ಬೆಲೆಗಳ ಲೆಕ್ಕದಲ್ಲಿ, ಅಂದ್ರೆ ಬೆಲೆ ಏರಿಕೆಯನ್ನು ಕಳೆದ ಮೇಲೆ. ದೇಶದ ಸರಾಸರಿ 1,14,710 ರೂಪಾಯಿ. ಲೆಕ್ಕ ಸಿಕ್ಕಿದ್ದ ರಾಜ್ಯಗಳಲ್ಲಿ ನಾವೇ ಮೊದಲು. ನಿಮ್ಮ ವಾಟ್ಸ್ಆ್ಯಪ್ ಗ್ರೂಪಿಗೂ ಆ ಪೋಸ್ಟರ್ ಬಂದಿರಬಹುದು.

ಈಗ ಆ ಮೊತ್ತವನ್ನು 12 ತಿಂಗಳಿಗೆ ಭಾಗಿಸಿ. ತಲೆಗೆ ತಿಂಗಳಿಗೆ ಸುಮಾರು 17 ಸಾವಿರ. ಮನೇಲಿ ಐದು ಜನ ಇದ್ರೆ 85 ಸಾವಿರ. ಅಜ್ಜಿ, ಶಾಲೆಗೆ ಹೋಗೋ ತಮ್ಮ, ಎಲ್ಲರನ್ನೂ ಸೇರಿಸಿ. ನಿಮ್ಮ ಮನೆಗೆ ತಿಂಗಳಿಗೆ 85 ಸಾವಿರ ಬರ್ತಿದೆಯಾ?

ಬಹಳಷ್ಟು ಜನ ನಕ್ಕಿರ್ತೀರಿ. ಹಾಗಂತ ಸರ್ಕಾರ ಸುಳ್ಳು ಹೇಳ್ತಿಲ್ಲ. ಇದು ಸರಾಸರಿ. ಸರಾಸರಿ ಒಟ್ಟು ಎಷ್ಟು ಅಂತ ಹೇಳುತ್ತೆ, ಯಾರ ಹತ್ರ ಎಷ್ಟು ಅಂತ ಹೇಳಲ್ಲ. ರಾಜ್ಯದ ಒಟ್ಟು ಉತ್ಪನ್ನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೋದು ಬೆಂಗಳೂರು ನಗರ ಜಿಲ್ಲೆ ಒಂದರಿಂದ. 2011ರ ಜನಗಣತಿ ಪ್ರಕಾರ ರಾಜ್ಯದ ಜನರಲ್ಲಿ ಅಲ್ಲಿ ಇದ್ದದ್ದು ಶೇ 16ರಷ್ಟು ಮಾತ್ರ.

ಹಾಗಾದ್ರೆ ಬೆಂಗಳೂರು ಬಿಟ್ಟು 350 ಕಿಲೋಮೀಟರ್ ಆಚೆ ಹೋಗೋಣ. ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕು: ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು. ಇಲ್ಲಿ ನಿಂತು ‘ಬೆಳವಣಿಗೆ’ ಮತ್ತು ‘ಅಭಿವೃದ್ಧಿ’ ಎರಡೂ ಒಂದೇನಾ ಅಂತ ಕೇಳೋಣ.

ದುಡ್ಡು ಒಂದೇ ಅಳತೆಯಲ್ಲ

1990ರಲ್ಲಿ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮೆಹಬೂಬ್ ಉಲ್ ಹಕ್ ನೇತೃತ್ವದಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ, ಅಂದ್ರೆ ಯುಎನ್‌ಡಿಪಿ, ಒಂದು ಹೊಸ ಅಳತೆ ತಂದಿತು. ಅದೇ ಮಾನವ ಅಭಿವೃದ್ಧಿ ಸೂಚ್ಯಂಕ. ನಮ್ಮ ಅಮರ್ತ್ಯ ಸೇನ್ ಅವರ ಯೋಚನೆಯೂ ಇದರ ಹಿಂದೆ ಇತ್ತು. ಇದು ಕೇಳೋದು ಮೂರೇ ಪ್ರಶ್ನೆ. ಜನ ಎಷ್ಟು ವರ್ಷ ಬದುಕ್ತಾರೆ? ಎಷ್ಟು ಓದ್ತಾರೆ? ನೆಟ್ಟಗೆ ಬದುಕೋಕೆ ಬೇಕಾದಷ್ಟು ಆದಾಯ ಇದೆಯಾ? ಮೂರೂ ಸೇರಿಸಿ 0ಯಿಂದ 1ರ ನಡುವೆ ಒಂದು ಅಂಕ ಕೊಡ್ತಾರೆ. 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು.

2025ರ ವರದಿಯಲ್ಲಿ ಭಾರತಕ್ಕೆ ಸಿಕ್ಕಿದ್ದು 0.685, 193 ದೇಶಗಳಲ್ಲಿ 130ನೇ ಸ್ಥಾನ. ಆದರೆ ದೇಶದೊಳಗಿನ ಅಸಮಾನತೆಯನ್ನೂ ಲೆಕ್ಕಕ್ಕೆ ಹಿಡಿದ್ರೆ ಈ ಅಂಕದಲ್ಲಿ ಶೇ 30ಕ್ಕಿಂತ ಹೆಚ್ಚು ಕರಗಿ ಹೋಗುತ್ತೆ. ಅಂದ್ರೆ ನಮ್ಮಲ್ಲಿ ಪ್ರಗತಿ ಆಗ್ತಿದೆ, ಆದರೆ ಎಲ್ಲ ಕಡೆ ಒಂದೇ ಸಮ ಆಗ್ತಿಲ್ಲ.

ಕರ್ನಾಟಕ ಈ ವಿಷಯದಲ್ಲಿ ಬೇಗ ಎಚ್ಚೆತ್ತುಕೊಂಡಿತು. 1999ರಲ್ಲೇ ರಾಜ್ಯದ ಮೊದಲ ಮಾನವ ಅಭಿವೃದ್ಧಿ ವರದಿ ಬಂತು, 2005ರಲ್ಲಿ ಎರಡನೆಯದು. ಆ ಎರಡನೇ ವರದಿಯಲ್ಲಿ 2001ರ ಲೆಕ್ಕ ಇದೆ. ಅದರಲ್ಲಿ ಒಂದು ಕುತೂಹಲದ ಸಂಗತಿ ಸಿಗುತ್ತೆ.

1997ರ ಆಗಸ್ಟ್‌ವರೆಗೆ ಧಾರವಾಡ, ಗದಗ, ಹಾವೇರಿ ಎಲ್ಲ ಸೇರಿ ಒಂದೇ ಜಿಲ್ಲೆ. ಸರಾಸರಿ ತೆಗೆದ್ರೆ ಮೂವರಿಗೂ ಒಂದೇ ಅಂಕ. ಬೇರೆ ಮಾಡಿದ ಮೇಲೆ ನೋಡಿ: 2001ರಲ್ಲಿ ಧಾರವಾಡಕ್ಕೆ 0.642, 27 ಜಿಲ್ಲೆಗಳಲ್ಲಿ 10ನೇ ಸ್ಥಾನ. ಗದಗಕ್ಕೆ 0.634, 13ನೇ ಸ್ಥಾನ. ಹಾವೇರಿಗೆ 0.603, 20ನೇ ಸ್ಥಾನ. ರಾಜ್ಯದ ಸರಾಸರಿ 0.650. ಒಂದೇ ಮನೆಯಲ್ಲಿದ್ದ ಮೂವರು ಅಣ್ಣತಮ್ಮಂದಿರು ಪಾಲಾದ ಮೇಲೆ ತಾನೇ ಯಾರ ಪಾಲಿಗೆ ಎಷ್ಟು ಬಂದಿತ್ತು ಅಂತ ಗೊತ್ತಾಗೋದು? ಹಾಗೇ ಆಯ್ತು.

ತಾಲ್ಲೂಕಿನ ಬಾಗಿಲಿಗೆ ಬಂದ ಸಮಿತಿ

ಜಿಲ್ಲೆಯೊಳಗೂ ಎಲ್ಲ ತಾಲ್ಲೂಕು ಒಂದೇ ಸಮ ಇರಲ್ಲ. ಅದನ್ನು ಅಳೆದದ್ದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2000ದಲ್ಲಿ ಸಮಿತಿ ರಚನೆಯಾಯ್ತು. 2002ರ ಜೂನ್‌ನಲ್ಲಿ ವರದಿ ಬಂತು.

ಸಮಿತಿ ಮಾಡಿದ ಕೆಲಸ ಸರಳವಾಗಿ ಹೇಳೋದಾದ್ರೆ ಇಷ್ಟು. ಕೃಷಿ, ಕೈಗಾರಿಕೆ, ರಸ್ತೆ, ಬ್ಯಾಂಕು, ಶಾಲೆ, ಆಸ್ಪತ್ರೆ ಹೀಗೆ 35 ಸೂಚಕಗಳನ್ನ ತಗೊಂಡ್ರು. ರಾಜ್ಯದ ಸರಾಸರಿಯನ್ನ 1 ಅಂತ ಇಟ್ಟುಕೊಂಡ್ರು. ಆಗಿದ್ದ 175 ತಾಲ್ಲೂಕುಗಳನ್ನ ಒಂದೊಂದಾಗಿ ಅದರ ಪಕ್ಕ ನಿಲ್ಲಿಸಿದ್ರು. 1ಕ್ಕಿಂತ ಕಡಿಮೆ ಬಂದದ್ದು ಹಿಂದುಳಿದ ತಾಲ್ಲೂಕು. ಅಂಥವು ಎಷ್ಟು ಸಿಕ್ಕಿದ್ವು ಅಂದ್ರೆ 114. ಮೂರರಲ್ಲಿ ಎರಡು ಭಾಗ!

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ಆ ಪಟ್ಟಿಯಲ್ಲಿದ್ದವು. ಆಗ ರಟ್ಟೀಹಳ್ಳಿಯೂ ಹಿರೇಕೆರೂರಿನೊಳಗೇ ಇತ್ತು.

ಈ ತಾಲ್ಲೂಕುಗಳನ್ನ ಮೇಲೆತ್ತೋಕೆ 8 ವರ್ಷದಲ್ಲಿ 31,000 ಕೋಟಿ ರೂಪಾಯಿ ಬೇಕು ಅಂತ ಸಮಿತಿ ಹೇಳಿತು. ವಿಶೇಷ ಅಭಿವೃದ್ಧಿ ಯೋಜನೆ ಅನ್ನೋ ಹೆಸರಲ್ಲಿ 2007-08ರಿಂದ ಬಜೆಟ್‌ನಲ್ಲಿ ಹಣ ಇಡೋದು ಶುರುವಾಯ್ತು. ಆದರೆ ಬಜೆಟ್ಟಲ್ಲಿ ಓದಿದ ಹಣ, ಬಿಡುಗಡೆಯಾದ ಹಣ, ಖರ್ಚಾದ ಹಣ ಮೂರೂ ಬೇರೆ ಬೇರೆ. 8 ವರ್ಷದ ಯೋಜನೆ ಮತ್ತೆ ಮತ್ತೆ ಮುಂದಕ್ಕೆ ಹೋಯ್ತು. 2024ರಲ್ಲಿ ಪ್ರಾದೇಶಿಕ ಅಸಮತೋಲನವನ್ನ ಮತ್ತೆ ಅಧ್ಯಯನ ಮಾಡೋಕೆ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿಯನ್ನೇ ಮಾಡಬೇಕಾಯ್ತು. ನಂಜುಂಡಪ್ಪ ವರದಿ ಬಂದ ವರ್ಷ ಹುಟ್ಟಿದ ಮಗು ಅಷ್ಟೊತ್ತಿಗೆ ಡಿಗ್ರಿ ಮುಗಿಸಿ ಕೆಲಸ ಹುಡುಕ್ತಾ ಇತ್ತು.

ಓದಿದ್ದಾರೆ, ಆದರೂ ಯಾಕೆ?

ಇಲ್ಲಿ ಒಂದು ತಪ್ಪು ಕಲ್ಪನೆ ಬಿಡಬೇಕು. ‘ಹಿಂದುಳಿದ ತಾಲ್ಲೂಕು ಅಂದ್ರೆ ಜನ ಓದಿಲ್ಲ’ ಅಂತ ಸುಮಾರು ಜನ ಅಂದ್ಕೊಂಡಿದ್ದಾರೆ. 2011ರ ಜನಗಣತಿಯಲ್ಲಿ ಹಾವೇರಿ ಜಿಲ್ಲೆಯ ಸಾಕ್ಷರತೆ ಶೇ 77.40. ರಾಜ್ಯದ ಸರಾಸರಿ ಶೇ 75.36. ಅಂದ್ರೆ ಹಾವೇರಿ ರಾಜ್ಯದ ಸರಾಸರಿಗಿಂತ ಮೇಲೇ ಇದೆ.

ಪ್ರತಿಭೆಗೂ ಬರ ಇಲ್ಲ. ಕನಕದಾಸರ ಬಾಡ ಇರೋದು ಶಿಗ್ಗಾವಿ ತಾಲ್ಲೂಕಿನಲ್ಲಿ, ಶರೀಫರ ಶಿಶುನಾಳವೂ ಅಲ್ಲೇ. ವಿ.ಕೃ. ಗೋಕಾಕ್ ಹುಟ್ಟಿದ್ದು ಸವಣೂರಲ್ಲಿ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಹಾನಗಲ್ ತಾಲ್ಲೂಕಿನವರು. ಆದರೆ ಗವಾಯಿಗಳ ಪುಣ್ಯಾಶ್ರಮ ಬೆಳೆದದ್ದು ಗದಗದಲ್ಲಿ. ಗೋಕಾಕರು ಓದಿದ್ದು ಧಾರವಾಡ, ಆಕ್ಸ್‌ಫರ್ಡ್‌ನಲ್ಲಿ. ಹುಟ್ಟೋದು ಇಲ್ಲಿ, ಬೆಳೆಯೋದು ಬೇರೆ ಕಡೆ. ಈ ಮಾತು ನೆನಪಿಡಿ, ಇವತ್ತಿನ ವಿಷಯದ ಬೇರು ಇಲ್ಲೇ ಇದೆ.

ಮೊದಲು ಬೆಳೆ ನೋಡೋಣ. ಈ ಭಾಗದ ಹೊಲಗಳಲ್ಲಿ ಮಳೆಗಾಲದಲ್ಲಿ ಎಲ್ಲಿ ನೋಡಿದ್ರೂ ಗೋವಿನಜೋಳ, ಮೆಕ್ಕೆಜೋಳ ಅಂತೀವಲ್ಲ ಅದು. ರೈತ ಬೆಳೀತಾನೆ, ಒಣಗಿಸ್ತಾನೆ, ಚೀಲಕ್ಕೆ ತುಂಬಿ ಮಾರ್ತಾನೆ. ಅದು ಕೋಳಿ ಆಹಾರ, ಸ್ಟಾರ್ಚ್, ಎಥೆನಾಲ್ ಆಗುತ್ತೆ. ಬೆಲೆ ಏರೋದು ಆ ಹಂತಗಳಲ್ಲಿ. ಫ್ಯಾಕ್ಟರಿ ಯಾವ ಊರಲ್ಲಿದೆಯೋ ಆ ಲಾಭ ಆ ಊರಿನ ಲೆಕ್ಕಕ್ಕೆ.

2025ರ ನವೆಂಬರ್ ನೆನಪಿದೆಯಾ? ಮೆಕ್ಕೆಜೋಳಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲ್‌ಗೆ 2,400 ರೂಪಾಯಿ. ಮಾರುಕಟ್ಟೆಯಲ್ಲಿ ಸಿಗ್ತಾ ಇದ್ದದ್ದು 2,000ಕ್ಕಿಂತ ಕಡಿಮೆ. ಹಾವೇರಿ, ಗದಗ, ಧಾರವಾಡದ ರೈತರು ಖರೀದಿ ಕೇಂದ್ರ ತೆರೀರಿ ಅಂತ ಬೀದಿಗಿಳಿದ್ರು. ಬೆಳೆ ಚೆನ್ನಾಗಿ ಬಂದ ವರ್ಷವೇ ರೈತನ ಕೈ ಖಾಲಿ. ಸರ್ಕಾರಿ ಪುಸ್ತಕದಲ್ಲಿ ಟನ್‌ಗಳ ಲೆಕ್ಕ ಏರಿರುತ್ತೆ, ಅದು ಬೆಳವಣಿಗೆ. ಮನೆಯಲ್ಲಿ ಮಗಳ ಕಾಲೇಜ್ ಫೀಸಿಗೆ ಸಾಲ ಮಾಡಿರ್ತಾರೆ. ಇದನ್ನ ಅಭಿವೃದ್ಧಿ ಅನ್ನೋಕೆ ಆಗಲ್ಲ.

ಉಲ್ಟಾ ಉದಾಹರಣೆನೂ ಪಕ್ಕದಲ್ಲೇ ಇದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಬರೀ ಹಾದು ಹೋಗಲ್ಲ. ಅಲ್ಲೇ ದೊಡ್ಡ ಮಾರುಕಟ್ಟೆ, ಅಲ್ಲೇ ಕೋಲ್ಡ್ ಸ್ಟೋರೇಜ್, ಅಲ್ಲೇ ಪುಡಿ ಮಾಡೋ ಮಿಲ್ಲು. ಸಣ್ಣ ಮಟ್ಟದಲ್ಲಿ ಸವಣೂರ ಖಾರಾ ನೋಡಿ. ಕಡಲೆ ಹಿಟ್ಟು ಅಂಗಡಿಯಲ್ಲೇ ಖಾರಾ ಆಗಿ, ಊರಿನ ಹೆಸರು ಹೊತ್ತು ಹೋಗುತ್ತೆ. ಕರಿದ ಕೈಗೆ ಕೂಲಿ, ಮಾರಿದ ಕೈಗೆ ಲಾಭ, ಎರಡೂ ಊರಲ್ಲೇ ಉಳೀತು.

ಅಣ್ಣನ ದುಡಿಮೆ ಯಾರ ಲೆಕ್ಕಕ್ಕೆ?

ಬೆಳೆಗೆ ಆದದ್ದೇ ಮನುಷ್ಯರಿಗೂ ಆಗ್ತಿದೆ. ಒಂದು ಮನೆ ಊಹಿಸಿಕೊಳ್ಳಿ. ಹಾನಗಲ್ ತಾಲ್ಲೂಕಿನ ಒಂದು ಹಳ್ಳಿ. ಅಣ್ಣ ಐಟಿಐ ಮುಗಿಸಿದ್ದಾನೆ, ತಂಗಿ ಪಿಯುಸಿ ಸೈನ್ಸ್. ಅವರನ್ನ ಹೆತ್ತು, ಸಾಕಿ, ಓದಿಸಿದ್ದು ಆ ಹಳ್ಳಿ. ಅಂಗನವಾಡಿ, ಬಿಸಿಯೂಟ, ಸರ್ಕಾರಿ ಶಾಲೆ, ಅಪ್ಪನ ಎರಡು ಎಕರೆ ಎಲ್ಲ ಸೇರಿ 18-20 ವರ್ಷದ ಖರ್ಚು.

ಅಣ್ಣ ಬೆಂಗಳೂರಿನ ಒಂದು ಫ್ಯಾಕ್ಟರಿಗೆ ಸೇರ್ತಾನೆ. ಒಳ್ಳೆಯದೇ. ಆದರೆ ಜಿಲ್ಲಾ ಉತ್ಪನ್ನದ ಲೆಕ್ಕ ಹಾಕೋದು ಕೆಲಸ ಎಲ್ಲಿ ಆಯ್ತು ಅನ್ನೋದರ ಮೇಲೆ. ಅವನು ಮಾಡಿದ ಉತ್ಪಾದನೆ ಹೋಗಿ ಸೇರೋದು ಬೆಂಗಳೂರಿನ ಖಾತೆಗೆ. ಅವನು ಫೋನ್‌ಪೇಯಲ್ಲಿ ಅವ್ವಗೆ ಕಳಿಸೋ ಐದು ಸಾವಿರ ಹಾವೇರಿ ಜಿಲ್ಲೆಯ ಉತ್ಪನ್ನ ಅಂತ ಎಲ್ಲೂ ಬರಲ್ಲ. ಬೆಳೆಸಿದ ಖರ್ಚು ಇಲ್ಲಿ, ದುಡಿದ ಲೆಕ್ಕ ಅಲ್ಲಿ. ಹೀಗಾಗಿ ಎಷ್ಟು ಚೆನ್ನಾಗಿ ಓದಿಸಿದ್ರೂ ತಾಲ್ಲೂಕಿನ ಅಂಕಿ ಮಾತ್ರ ಮೇಲೇಳಲ್ಲ.

ತಂಗಿಯ ಕಥೆ ಬೇರೆ. ಅವಳಿಗೆ ಬಿ.ಎಸ್ಸಿ. ಮಾಡೋ ಆಸೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವಳಿಗೆ ಬಸ್ ಟಿಕೆಟ್ ಉಚಿತ. ದೊಡ್ಡ ಸಹಾಯ, ಅದರಲ್ಲಿ ಅನುಮಾನ ಇಲ್ಲ. ಆದರೆ ಟಿಕೆಟ್ ಉಚಿತ ಆದ್ರೆ ಸಾಕಾ? ಬೆಳಿಗ್ಗೆ ಕ್ಲಾಸಿಗೆ ಮುಂಚೆ ಬಸ್ ಬರಬೇಕು, ಪ್ರಾಕ್ಟಿಕಲ್ ಮುಗಿದ ಮೇಲೆ ಕತ್ತಲಾಗೋ ಮೊದಲು ಊರಿಗೆ ವಾಪಸ್ ಬಸ್ ಇರಬೇಕು. ಇಲ್ಲಾಂದ್ರೆ ಮನೆಯಲ್ಲಿ ಏನಂತಾರೆ ಗೊತ್ತಲ್ಲ, ‘ಬ್ಯಾಡವ್ವ, ಸಾಕು ಓದಿದ್ದು.’ ಒಂದು ಬಸ್ಸಿನ ಟೈಮಿಂಗ್‌ಗೆ ಒಬ್ಬ ಹುಡುಗಿಯ ಓದು ನಿಲ್ಲಬಹುದು. ಹಾನಗಲ್, ಹಿರೇಕೆರೂರು ಪಟ್ಟಣಗಳಲ್ಲಿ ರೈಲು ನಿಲ್ದಾಣವೂ ಇಲ್ಲ, ಬಸ್ಸೇ ಗತಿ.

ಆರೋಗ್ಯದ್ದೂ ಇದೇ ಹಾಡು. ಹೆರಿಗೆ ಸ್ವಲ್ಪ ಕಷ್ಟ ಆದ್ರೆ, ಅಪಘಾತ ಆದ್ರೆ ಈ ಭಾಗದವರು ಮೊದಲು ಕೇಳೋ ಮಾತು ‘ಹುಬ್ಬಳ್ಳಿಗೆ ಒಯ್ರಿ.’ ಹಾವೇರಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿರೋದು ನಿಜಕ್ಕೂ ಒಳ್ಳೆಯ ಬದಲಾವಣೆ. ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಅರಿವಳಿಕೆ ಡಾಕ್ಟರ್ ಇದ್ದಾರಾ? ಜೀವ ಉಳಿಯೋದು ಈ ಪ್ರಶ್ನೆಯ ಮೇಲೆ. ಕಟ್ಟಡ ಒಂದು ಸಲ ಕಟ್ಟಿದ್ರೆ ಆಯ್ತು, ಉದ್ಘಾಟನೆಯ ಕಲ್ಲೂ ಹಾಕಬಹುದು. ಡಾಕ್ಟರ್, ನರ್ಸ್, ಲೆಕ್ಚರರ್‌ಗೆ ಪ್ರತಿ ತಿಂಗಳು ಸಂಬಳ ಕೊಡಬೇಕು, ಅದಕ್ಕೆ ಕಲ್ಲು ಹಾಕೋಕೆ ಬರಲ್ಲ.

ಹಾಗಾದ್ರೆ ನಾವೇನು ಮಾಡ್ಬೇಕು?

ಬೆಂಗಳೂರಿನ ಮೇಲೆ ಸಿಟ್ಟು ಮಾಡಿಕೊಳ್ಳಬೇಕಾಗಿಲ್ಲ. ಅಲ್ಲಿ ಹುಟ್ಟೋ ತೆರಿಗೆಯಿಂದಲೇ ಶಕ್ತಿ ಬಸ್ಸೂ ಓಡೋದು. ಊರು ಬಿಟ್ಟು ಹೋಗೋದೂ ತಪ್ಪಲ್ಲ. ಆದರೆ ಹೋಗೋದು ಆಯ್ಕೆ ಆಗಿರಬೇಕು, ಬೇರೆ ದಾರಿ ಇಲ್ಲ ಅಂತ ಆಗಬಾರದು. ಮಾನವ ಅಭಿವೃದ್ಧಿ ಅನ್ನೋ ದೊಡ್ಡ ಮಾತಿನ ಅರ್ಥ ಇಷ್ಟೇ: ನಿಮ್ಮ ಮುಂದೆ ನಿಜವಾದ ಆಯ್ಕೆಗಳು ಎಷ್ಟಿವೆ?

ಅದಕ್ಕೆ ಎರಡು ಕೆಲಸ ಹೇಳ್ತೀನಿ. ಒಂದು, ನಿಮ್ಮ ಗ್ರಾಮ ಸಭೆಗೆ ಹೋಗಿ. ‘ಎಷ್ಟು ಅನುದಾನ ಬಂತು’ ಅಂತ ಮಾತ್ರ ಕೇಳಬೇಡಿ. ‘ನಮ್ಮ ಆರೋಗ್ಯ ಕೇಂದ್ರದಲ್ಲಿ, ಶಾಲೆಯಲ್ಲಿ ಎಷ್ಟು ಹುದ್ದೆ ಖಾಲಿ ಇವೆ, ಕಾಲೇಜು ಟೈಮಿಗೆ ಬಸ್ ಯಾಕಿಲ್ಲ’ ಅಂತ ಕೇಳಿ, ಉತ್ತರವನ್ನ ನಡಾವಳಿಯಲ್ಲಿ ಬರೆಸಿ.

ಎರಡು, ಜನಗಣತಿ. ತಾಲ್ಲೂಕುಗಳ ಬಗ್ಗೆ ಇವತ್ತಿಗೂ ನಾವು ಹೇಳೋ ಎಷ್ಟೋ ಅಂಕಿ 2011ರವು. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ಹೊಸ ಗಣತಿ 2027ರದು. ಮುಂದಿನ ಹತ್ತು ವರ್ಷ ಯಾವ ತಾಲ್ಲೂಕಿಗೆ ಏನು ಸಿಗಬೇಕು ಅನ್ನೋದಕ್ಕೆ ಅದೇ ಆಧಾರ. ಮನೆ ಬಾಗಿಲಿಗೆ ಬಂದವರಿಗೆ ಅವ್ವ ‘ಏನೋ ಬರ್ಕೊಳ್ರಿ’ ಅಂತ ಹೇಳಿ ಕಳಿಸಬಾರದು. ನೀವು ಪಕ್ಕದಲ್ಲಿ ಕೂತು ಸರಿಯಾದ ಉತ್ತರ ಬರೆಸಿ. ದೂರದಲ್ಲಿದ್ರೆ ಇವತ್ತು ರಾತ್ರಿ ಫೋನ್ ಮಾಡಿದಾಗ ಹೇಳಿ.

ನಿಮ್ಮ ತಾಲ್ಲೂಕಿನಲ್ಲಿ ಕಾಲೇಜಿಗೆ ಹೋಗೋ ಮೊದಲ ಬಸ್ ಎಷ್ಟು ಗಂಟೆಗೆ, ಕೊನೇ ಬಸ್ ಎಷ್ಟು ಗಂಟೆಗೆ? ನಮಗೆ ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀವಿ. ಸಿಗೋಣ.