ನಿಮಗಿದು ಗೊತ್ತೆ? ಈಜುಕೊಳದ ಬಿಸಿ ಕದಿಯುವುದು ಆವಿ
ಚಳಿಗಾಲದಲ್ಲಿ ಮನೆಯ ಈಜುಕೊಳ ತಣ್ಣಗಾಗಲು ನೆಲದ ತಂಪಿಗಿಂತ ದೊಡ್ಡ ಕಾರಣ ಆವಿ. ಅಮೆರಿಕದ ಇಂಧನ ಇಲಾಖೆಯ ಪ್ರಕಾರ ಬಯಲು ಕೊಳದ ಶಾಖನಷ್ಟದಲ್ಲಿ ಸುಮಾರು ಶೇ 70ರಷ್ಟು ಆಗುವುದು ಹೀಗೆಯೇ. ಒಂದೇ ಒಂದು ಲೀಟರ್ ನೀರು ಆವಿಯಾದರೆ ಸಾಕು, ಸುಮಾರು 580 ಲೀಟರ್ ನೀರನ್ನು 1 ಡಿಗ್ರಿ ಸೆಲ್ಸಿಯಸ್ ತಣಿಸುವಷ್ಟು ಶಾಖ ಅದರ ಜೊತೆ ಹೊರಟುಹೋಗುತ್ತದೆ! ಆದ್ದರಿಂದ ಹೀಟರ್‌ಗೆ ಹಣ ಸುರಿಯುವ ಮೊದಲು ಕೊಳಕ್ಕೊಂದು ಹೊದಿಕೆ ಕೊಳ್ಳುವುದೇ ಜಾಣತನ. ಗಾಳಿಗುಳ್ಳೆಗಳಿರುವ ಪ್ಲಾಸ್ಟಿಕ್ ಹಾಳೆ ಹಾಸಿದರೂ ಬಿಸಿ ಮಾಡುವ ಖರ್ಚು ಅರ್ಧಕ್ಕರ್ಧ ತಗ್ಗಬಹುದು. ಅದೂ ಸಾಲದಿದ್ದರೆ ಹೀಟ್ ಪಂಪ್ ಇದೆ: ಗಾಳಿಯಲ್ಲಿರುವ ಶಾಖವನ್ನೇ ಹೀರಿ ನೀರಿಗೆ ಸಾಗಿಸುವುದರಿಂದ 1 ಯೂನಿಟ್ ವಿದ್ಯುತ್ತಿಗೆ ಅದರ ಹಲವು ಪಟ್ಟು ಶಾಖ ಸಿಗುತ್ತದೆ. ಹೊದಿಕೆ ಹಾಕಿದ್ದರೆ ಈಜುವ ಮುನ್ನ ಅದನ್ನು ಪೂರ್ತಿ ತೆಗೆಯಿರಿ. ಅರೆಮುಚ್ಚಿದ ಕೊಳ ಮಕ್ಕಳಿಗೆ ಅಪಾಯಕಾರಿ.