ಕೋವಿಯ ನಳಿಗೆಯ ನಡುಕ

ಒಮ್ಮೆ ಗುರಿಯ ಅಭ್ಯಾಸದಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನ ಐದು ಗುಂಡುಗಳು ಹಲಗೆಯ ಮೇಲೆ ಐದು ದಿಕ್ಕಿಗೆ ಚದರಿದ್ದುವು. “ನನ್ನ ಕಣ್ಣೇ ಸರಿಯಿಲ್ಲ ಸಾರ್, ಬಿಟ್ಟುಬಿಡುತ್ತೇನೆ” ಎಂದು ಅವನು ನಿರಾಶನಾಗಿ ನುಡಿದನು. ಅವನ ರೈಫಲನ್ನು ಪಕ್ಕದವನಿಗೂ ಪಕ್ಕದವನದನ್ನು ಅವನಿಗೂ ಕೊಡಿಸಿದೆನು. ಈ ಸಲ ಚದರಿದುವು ಪಕ್ಕದವನ ಗುಂಡುಗಳು! ದೋಷವು ಕಣ್ಣಿನದಲ್ಲ, ಕೋವಿಯದು ಎಂಬುದು ಇಷ್ಟರಿಂದಲೇ ತಿಳಿಯಿತು. ಅದು ಕೋವಿಯ ಯಾವ ಭಾಗದಲ್ಲಿತ್ತೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಒಂದು ಭೇದವನ್ನು ಮನಗಾಣಬೇಕು. ಐದು ಗುಂಡುಗಳೂ ಗುರಿಯ ಎಡಕ್ಕೆ ಒಂದೇ ಕಡೆ ಒತ್ತೊತ್ತಾಗಿ ಬಿದ್ದರೆ ಅದು ಕೆಟ್ಟ ಕೋವಿಯಲ್ಲ. ಗುರಿನೋಟದ ತಿರುಪನ್ನು ತುಸು ತಿರುಗಿಸಿದರೆ ಗುಂಪೆಲ್ಲವೂ ನಡುವಿಗೆ ಬರುವುದು. ಚದರಿದ ಗುಂಡುಗಳನ್ನಾದರೋ ಯಾವ ತಿರುಪಿನಿಂದಲೂ ಒಂದುಗೂಡಿಸಲಾಗದು. ಆದುದರಿಂದ ಕೋವಿಯ ನಿಖರತೆ ಎಂದರೆ ಮಾಡಿದುದನ್ನೇ ಮತ್ತೆ ಮತ್ತೆ ಮಾಡುವ ಗುಣ.

ಇನ್ನು ಗುಂಡು ಹಾರುವಾಗ ನಡೆಯುವುದೇನು? ನಮ್ಮ ದೇಶದ ಸೈನಿಕರೂ ಪೋಲೀಸರೂ ಬಹುಕಾಲ ಬಳಸಿದ .303 ಲೀ-ಎನ್‌ಫೀಲ್ಡ್ ರೈಫಲನ್ನು ತೆಗೆದುಕೊಳ್ಳೋಣ. ಕೈಯಿಂದ ಬೋಲ್ಟನ್ನು ಹಿಂದೆಮುಂದೆ ಎಳೆದು ತೋಟಾ ತುಂಬುವ ಜಾತಿಯದು ಇದು. ನಳಿಗೆಯ ಉದ್ದ ಸುಮಾರು 640 ಮಿಲಿಮೀಟರ್. ಗುಂಡು ಬಾಯಿಯನ್ನು ಬಿಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 744 ಮೀಟರ್. ಗುಂಡು ನಳಿಗೆಯೊಳಗೆ ಇರುವುದು ಸೆಕೆಂಡಿನ ಸಾವಿರದ ಒಂದೆರಡು ಭಾಗ ಮಾತ್ರ. ಆ ಅಲ್ಪಾವಧಿಯಲ್ಲಿಯೇ ಸಿಡಿದ ಅನಿಲದ ಒತ್ತಡಕ್ಕೆ ಉಕ್ಕಿನ ನಳಿಗೆ ಶ್ರುತಿಕವೆಯಂತೆ ನಡುಗತೊಡಗುತ್ತದೆ. ಬಾಯಿಯು ಮೇಲೆ ನೋಡುತ್ತಿರುವಾಗ ಹೊರಟ ಗುಂಡು ಮೇಲಕ್ಕೂ, ಕೆಳಗೆ ನೋಡುತ್ತಿರುವಾಗ ಹೊರಟದ್ದು ಕೆಳಕ್ಕೂ ಹೋಗುವುದು ಸಹಜವಷ್ಟೆ. ಮ್ಯಾಲಕ್ ಎಂಬ ಇಂಗ್ಲಿಷ್ ವಿಜ್ಞಾನಿಯು ಈ ಕಂಪನಗಳನ್ನು ಕುರಿತು 1901ರಷ್ಟು ಹಿಂದೆಯೇ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದನು.

ಈ ನಡುಕವನ್ನು ಪೂರ್ತಿ ನಿಲ್ಲಿಸುವುದು ಅಸಾಧ್ಯ, ನಿಲ್ಲಿಸಬೇಕಾದುದೂ ಇಲ್ಲ. ಪ್ರತಿ ಸಲವೂ ಅದು ಒಂದೇ ಬಗೆಯಾಗಿದ್ದರೆ ಸಾಕು. ತಂಬೂರಿಯ ತಂತಿಗೂ ಕುದುರೆಗೂ ನಡುವೆ ಸಿಕ್ಕಿಸುವ ಜೀವಾಳದ ಎಳೆಯನ್ನು ನೆನೆಯಿರಿ. ಆ ಎಳೆ ಕೂದಲಷ್ಟು ಸರಿದರೂ ನಾದವೇ ಬೇರೆಯಾಗುವುದಲ್ಲವೆ? ನಳಿಗೆಯನ್ನು ಹೊತ್ತಿರುವ ಮರವು ಅದನ್ನು ಮುಟ್ಟುವ ಸ್ಥಳವೂ ಹೀಗೆಯೇ. ಮರವೆಂಬುದು ಸುಮ್ಮನಿರುವ ವಸ್ತುವಲ್ಲ. ಮಳೆಗಾಲದಲ್ಲಿ ನಮ್ಮ ಮನೆಗಳ ಬಾಗಿಲು ಉಬ್ಬಿ ಹಿಡಿದುಕೊಳ್ಳುವಂತೆ ಕೋವಿಯ ಮರವೂ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ನಿನ್ನೆ ಎಡಗಡೆ ನಳಿಗೆಯನ್ನು ಒತ್ತುತ್ತಿದ್ದ ಮರ ಇಂದು ಬಲಗಡೆ ಒತ್ತಬಹುದು. ಲೆಕ್ಕ ಹಾಕಿ ನೋಡಿ: ನಳಿಗೆಯ ಬಾಯಿಯು 0.1 ಮಿಲಿಮೀಟರಿನಷ್ಟು, ಎಂದರೆ ದಪ್ಪ ತಲೆಗೂದಲಿನಷ್ಟು, ಓರೆಯಾದರೂ 640 ಮಿಲಿಮೀಟರಿಗೆ 0.1 ಎಂಬ ಪ್ರಮಾಣದಲ್ಲಿ 100 ಮೀಟರ್ ದೂರದಲ್ಲಿ ಗುಂಡು ಸುಮಾರು 16 ಮಿಲಿಮೀಟರ್ ಸರಿದಿರುತ್ತದೆ.

ಸರಳವಾದ ಉಪಾಯಗಳೆಲ್ಲ ಇಲ್ಲಿಂದಲೇ ಹೊರಡುತ್ತವೆ. ಕಾಸಿಲ್ಲದ ಉಪಾಯವೇ ಮೊದಲನೆಯದು: ಲೋಹದ ಭಾಗವನ್ನು ಮರಕ್ಕೆ ಬಿಗಿಯುವ ತಿರುಪುಗಳನ್ನು ಪ್ರತಿ ಸಲವೂ ಒಂದೇ ಬಲದಿಂದ ಬಿಗಿಯುವುದು. ಮೇಲೆ ಹೇಳಿದ ರೈಫಲಿನಲ್ಲಿ ಇಂಥ ತಿರುಪೊಂದು ಅರ್ಧ ಸುತ್ತು ಸಡಿಲವಾಗಿತ್ತು, ಅಷ್ಟೆ! ಪ್ರತಿ ಹೊಡೆತಕ್ಕೂ ಲೋಹವು ಮರದಲ್ಲಿ ಹೊಸ ಜಾಗದಲ್ಲಿ ಕೂರುತ್ತಿತ್ತು.

ತಿರುಪನ್ನು ಬಿಗಿದರೂ ಅದರಡಿಯ ಮರವೇ ನಜ್ಜಾದರೆ? ಅದಕ್ಕಾಗಿ ತಿರುಪಿನ ಸುತ್ತ ಅಲ್ಯೂಮಿನಿಯಮ್ಮಿನ ಚಿಕ್ಕ ಕೊಳವೆಯನ್ನು ಕೂರಿಸುತ್ತಾರೆ. ಆಗ ಲೋಹವು ಲೋಹದ ಮೇಲೆ ನಿಲ್ಲುತ್ತದೆ. ಲೋಹಕ್ಕೂ ಮರಕ್ಕೂ ನಡುವಣ ಸಂದುಗಳನ್ನು ಎಪಾಕ್ಸಿ ಎಂಬ ಅಂಟಿನಿಂದ ತುಂಬಿದರೆ ಅದು ಗಟ್ಟಿಯಾಗಿ ಅಚ್ಚಿನಂತೆ ಹೊಂದಿಕೊಳ್ಳುವುದು. ತೇವಕ್ಕೆ ಮರದಂತೆ ಉಬ್ಬುವುದಿಲ್ಲ. ನಳಿಗೆಯ ಮುಂಭಾಗದಲ್ಲಿಯಾದರೋ ಮರವು ಮುಟ್ಟದಂತೆ ಹೆರೆದು ಬಿಡುವುದು ಈಗಿನ ಕ್ರೀಡಾ ರೈಫಲುಗಳ ಪದ್ಧತಿ. ಕಾಗದದ ಪಟ್ಟಿಯೊಂದನ್ನು ನಳಿಗೆಯ ಕೆಳಗೆ ಎಳೆದಾಡಿದರೆ ಅದು ಎಲ್ಲಿಯೂ ಸಿಕ್ಕಿಕೊಳ್ಳಬಾರದು. ಆದರೆ ಇದನ್ನು ಕುರುಡಾಗಿ ಅನುಸರಿಸುವಂತಿಲ್ಲ. ಲೀ-ಎನ್‌ಫೀಲ್ಡಿನ 4ನೆಯ ಮಾದರಿಯಲ್ಲಿ ಮರವು ಬಾಯಿಯ ಬಳಿ ನಳಿಗೆಯನ್ನು 2ರಿಂದ 7 ಪೌಂಡು ಬಲದಿಂದ ಮೇಲಕ್ಕೆ ಒತ್ತಲೆಂದೇ ರಚಿಸಿದ್ದರು. ಅದನ್ನು ಹೆರೆದರೆ ಒಳ್ಳೆಯ ಕೋವಿ ಕೆಡಬಹುದು.

ಟ್ರಿಗರಿನ ಮಾತು ಬೇರೆ; ಅದು ನಳಿಗೆಯನ್ನಲ್ಲ, ಮನುಷ್ಯನನ್ನು ಸರಿಪಡಿಸುವ ಉಪಾಯ. ಹಳೆಯ ಸೈನಿಕ ರೈಫಲುಗಳಲ್ಲಿ ಅದನ್ನೆಳೆಯಲು ಎರಡು ಕಿಲೋಗ್ರಾಂಗಿಂತ ಹೆಚ್ಚು ತೂಕದ ಬಲ ಬೇಕಾಗಿತ್ತು. ಕೋವಿಯ ತೂಕವೇ ನಾಲ್ಕು ಕಿಲೋಗ್ರಾಂ. ಬೆರಳು ತುಸು ಓರೆಯಾಗಿ ಎಳೆದರೆ ಗುರಿ ತಪ್ಪದೆ ಏನಾದೀತು? ಹಗುರವೂ ನುಣುಪೂ ಆದ ಟ್ರಿಗರು ಇದಕ್ಕೆ ಪರಿಹಾರ. ಅತಿ ಹಗುರವಾದರೆ ಕೋವಿ ಕೈಜಾರಿ ಬಿದ್ದಾಗ ತಾನೇ ಸಿಡಿದೀತು. ಈ ಕೆಲಸ ಪಳಗಿದವನದೇ ಆಗಬೇಕು. ನಮ್ಮಲ್ಲಿ 1959ರ ಶಸ್ತ್ರ ಕಾಯ್ದೆಯಂತೆ ಕೋವಿಗಳ ದುರಸ್ತಿಯ ಕಸುಬಿಗೂ ಪರವಾನಗಿ ಬೇಕು.

ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ಮಾತ್ರ ಪ್ರಯೋಗಶಾಲೆಯ ರೀತಿಯಲ್ಲ. ಒಂದನ್ನು ಬದಲಿಸಿ, ಒಂದೇ ಬಗೆಯ ತೋಟಾಗಳಿಂದ, ನಳಿಗೆ ಆರಿದ ಮೇಲೆ ಐದೈದರಂತೆ ಹಲವು ಗುಂಪು ಹೊಡೆದು, ಅಗಲಗಳನ್ನು ಅಳೆದು ಬರೆದಿಡಬೇಕು. ಒಂದೇ ಗುಂಪು ಚೆನ್ನಾಗಿ ಬಿದ್ದರೆ ಅದು ಆಕಸ್ಮಿಕವೂ ಇರಬಹುದು. ನಮ್ಮ ವಿದ್ಯಾರ್ಥಿ ತಿರುಪು ಬಿಗಿಸಿದ ಮೇಲೆ ಹೊಡೆದ ಮೂರು ಹಾಳೆಗಳನ್ನೂ ಹಿಂದಿನ ಆ ಚದರಿದ ಹಾಳೆಯನ್ನೂ ಒಟ್ಟಿಗೆ ಮಡಿಸಿ ಇಟ್ಟುಕೊಂಡಿದ್ದಾನೆ.