ಕಂಠ ಯಾರದು, ಮುಖ ಯಾರದು?

ಬೆಂಗಳೂರಿನ ಯಶವಂತಪುರದಿಂದ ಸ್ವಲ್ಪ ದೂರದಲ್ಲೇ ಕಂಠೀರವ ಸ್ಟುಡಿಯೋ, ಅಲ್ಲಿ ಡಾ. ರಾಜ್‌ಕುಮಾರ್ ಸಮಾಧಿ. ಕೈಮುಗಿಯುವವರಿಗೆ ಅವರು ಮೊದಲು ನಟ. ಆದರೆ ನಮ್ಮ ಒಪೆರಾ ಎನ್ನಬಹುದಾದ ಕಂಪನಿ ನಾಟಕದ ಹಾಡುವ ನಟ ಬೆಳ್ಳಿತೆರೆಯಲ್ಲಿ ಉಳಿದದ್ದು ಇವರಿಂದಲೇ ಎಂಬುದು ನನ್ನ ವಾದ. ಕನ್ನಡದ ಮೊದಲ ಮಾತಿನ ಚಿತ್ರ, 1934ರ 'ಸತಿ ಸುಲೋಚನ'ದಲ್ಲಿ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರಂಥ ರಂಗನಟರಿದ್ದರು. ನೋಡೋಣವೆಂದರೆ ಅದರ ಪ್ರತಿಯೇ ಸಿಗುವುದಿಲ್ಲ. ಆಮೇಲೆ ಹಿನ್ನೆಲೆ ಗಾಯನ ಬಂತು. ಗುಬ್ಬಿ ನಾಟಕ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರರೇ 1954ರ 'ಬೇಡರ ಕಣ್ಣಪ್ಪ'ದಲ್ಲಿ ಸಿ. ಎಸ್. ಜಯರಾಮನ್ ಕಂಠಕ್ಕೆ ತುಟಿ ಆಡಿಸಬೇಕಾಯಿತು! ಅಲ್ಲೊಂದು ಇಲ್ಲೊಂದು ಹಾಡಿದ್ದು ಬಿಟ್ಟರೆ, ಕಂಠ ಮತ್ತು ಮುಖ ಗಟ್ಟಿಯಾಗಿ ಕೂಡಿದ್ದು 1974ರ 'ಸಂಪತ್ತಿಗೆ ಸವಾಲ್'ನಲ್ಲಿ, ಎಮ್ಮೆಯ ಬೆನ್ನೇರಿ ಹಾಡಿದಾಗ.

ಹಾಗಾದರೆ ತೆರೆಯ ಮೇಲೆ ರಾಜ್‌ಕುಮಾರರಿಗೆ ದನಿಯಾಗಿದ್ದ ಪಿ. ಬಿ. ಶ್ರೀನಿವಾಸ್ ಕಂಠ ಕಡಿಮೆಯೇ? ಖಂಡಿತ ಅಲ್ಲ, ಎಷ್ಟೋ ಹಾಡಿನಲ್ಲಿ ಅದೇ ಹೆಚ್ಚು ಇಂಪು. ಆದರೆ ಅದು ಇಬ್ಬರು ಕಲಾವಿದರ ಜೋಡಿ, ರಂಗದ ಹಾಡುಗಾರಿಕೆಯ ದಾಖಲೆಯಲ್ಲ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ರಾಜ್‌ಕುಮಾರ್ ಹಾಡಿದ್ದೂ ಸ್ಟುಡಿಯೋದಲ್ಲಿ, ಕ್ಯಾಮೆರಾ ಮುಂದೆ ತುಟಿಚಲನೆ ಮಾತ್ರ. ನಿಜ. ಆದರೆ 1982ರಲ್ಲಿ ನಿರ್ದೇಶಕ ಝೆಫಿರೆಲ್ಲಿ ತೆಗೆದ ಒಪೆರಾ ಚಿತ್ರ 'ಲಾ ಟ್ರಾವಿಯಾಟಾ'ದಲ್ಲಿ ಒಪೆರಾ ಗಾಯಕ ಪ್ಲಾಸಿಡೊ ಡೊಮಿಂಗೊ ಕೂಡ ಮೊದಲೇ ಮುದ್ರಿಸಿದ ತಮ್ಮ ದನಿಗೇ ಅಭಿನಯಿಸಿದರು. ಹಾಡಿದವನೇ ನಟಿಸಿದಾಗ, ಆಲಾಪಕ್ಕೆ ಮೊದಲು ಎದೆ ಎಲ್ಲಿ ಉಬ್ಬಬೇಕು, ಉಸಿರು ಎಲ್ಲಿ ಬಿಡಬೇಕು ಎಂಬುದು ಮೈಗೇ ಗೊತ್ತಿರುತ್ತದೆ. ಸಂಶಯವಿದ್ದರೆ 1992ರ 'ಜೀವನ ಚೈತ್ರ' ನೋಡಿ. ಅದರ ಹಾಡೊಂದಕ್ಕೆ ರಾಜ್‌ಕುಮಾರರಿಗೆ ರಾಷ್ಟ್ರಪ್ರಶಸ್ತಿ ಬಂತು, ನಟನೆಗಲ್ಲ, ಗಾಯನಕ್ಕೆ.